ಲಿವಿನ್ಯೊ ಸುತ್ತಿನ ಜಲ್ಲಿದಾರಿಗಳು: ಆ ರಸ್ತೆ ಯಾರಿಗಾಗಿ ಮಾಡಿದ್ದು ಅಂತ ಮೊದಲು ಕೇಳಿ

ಪ್ರಶ್ನೆ: ನಮಸ್ಕಾರ ಸರ್. ನಾನು ಸಕಲೇಶಪುರದ ಕಡೆಯವನು. ಆರು ವರ್ಷದಿಂದ ಮ್ಯೂನಿಕ್‌ನಲ್ಲಿದ್ದೇನೆ. ವಯಸ್ಸು 43. ಬೆಂಗಳೂರಿನಲ್ಲಿದ್ದಾಗ ಭಾನುವಾರ ಬಂದರೆ ನಂದಿ ಬೆಟ್ಟ ಹತ್ತುತ್ತಿದ್ದೆ. ಹೋದ ವರ್ಷ ಗ್ರಾವೆಲ್ ಸೈಕಲ್ (ಜಲ್ಲಿದಾರಿಗೆ ಅಂತ ಮಾಡಿದ, ಸ್ವಲ್ಪ ಅಗಲ ಟಯರಿನ ಸೈಕಲ್) ತಗೊಂಡೆ. 40 ಮಿ.ಮೀ. ಟಯರ್, ಒಳಗೆ ಟ್ಯೂಬ್ ಇದೆ, 60 ಪಿಎಸ್‌ಐ ಗಾಳಿ ಹಾಕುತ್ತೇನೆ. ಗೇರ್ ಮುಂದೆ 40 ಹಲ್ಲು, ಹಿಂದೆ ದೊಡ್ಡದು 42. ಆಗಸ್ಟ್ ಮಧ್ಯದಲ್ಲಿ ಹೆಂಡತಿ ಜೊತೆ ಇಟಲಿಯ ಲಿವಿನ್ಯೊಗೆ ನಾಲ್ಕು ದಿನ ಹೋಗಬೇಕು ಅಂತಿದೆ. ಒಂದು ದಿನ ನಾನೊಬ್ಬನೇ ಆಲ್ಪಿಸೆಲ್ಲಾ ಪಾಸ್ (ಬೆಟ್ಟಸಾಲು ದಾಟುವ ನೆತ್ತಿ), ವಾಲ್ ಮೋರಾ ಕಣಿವೆ, ಸ್ವಿಟ್ಜರ್ಲೆಂಡಿನ ಸಾಂತಾ ಮರಿಯಾ, ಅಲ್ಲಿಂದ ಓಫನ್ ಪಾಸ್, ಸುರಂಗ, ಮತ್ತೆ ಲಿವಿನ್ಯೊ, ಹೀಗೆ 70 ಕಿ.ಮೀ. ಮೇಲಿನ ಒಂದು ಸುತ್ತು ಹೊಡೆಯುವ ಆಸೆ. ಆಪ್‌ನಲ್ಲಿ ಮಣ್ಣಿನ ಭಾಗವೆಲ್ಲ ‘ಗ್ರಾವೆಲ್’ ಅಂತ ತೋರಿಸುತ್ತದೆ. ಆದರೆ ಆಫೀಸಿನ ಒಬ್ಬರು ಮೌಂಟನ್ ಬೈಕ್ ಇಲ್ಲದೆ ಆ ಕಡೆ ಹೋಗಲೇಬಾರದು ಅಂತಾರೆ. ಇನ್ನೊಬ್ಬರು ಗ್ರಾವೆಲ್ ಅಂದರೆ ಹೊಲದ ದಾರಿ, ಆರಾಮ ಅಂತಾರೆ. ಎತ್ತರಕ್ಕೆ ಮಾತ್ರೆ ಬೇಕು ಅಂತಲೂ ಕೇಳಿದೆ. ಹೆಂಡತಿ ಕಾಲೇಜು ಮುಗಿದ ಮೇಲೆ ಸೈಕಲ್ ಮುಟ್ಟಿಲ್ಲ, ಆದರೆ ಬರುವ ಹುಮ್ಮಸ್ಸಿದೆ. ನಾವಿಬ್ಬರೂ ಸಸ್ಯಾಹಾರಿಗಳು. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ನಿಜವಾದ ಆತಂಕ ಸೈಕಲ್‌ದಲ್ಲ ಅನ್ನಿಸಿತು. ಒಬ್ಬರು ಆಗಲ್ಲ ಅಂತಾರೆ, ಇನ್ನೊಬ್ಬರು ಸಲೀಸು ಅಂತಾರೆ, ಆಪ್ ತನ್ನ ಪಾಡಿಗೆ ಒಂದೇ ಬಣ್ಣದ ಗೆರೆ ತೋರಿಸುತ್ತದೆ. ಯಾರನ್ನು ನಂಬೋದು ಅನ್ನೋದೇ ನಿಮ್ಮ ಪ್ರಶ್ನೆ, ಅಲ್ವಾ?

ನಿಮ್ಮ ಆಫೀಸಿನ ಇಬ್ಬರೂ ಸುಳ್ಳು ಹೇಳಿಲ್ಲ. ಇಬ್ಬರೂ ಬೇರೆ ಬೇರೆ ರಸ್ತೆ ನೋಡಿಬಂದಿದ್ದಾರೆ, ಅಷ್ಟೇ. ಆಲ್ಪ್ಸ್‌ನಲ್ಲಿ ‘ಗ್ರಾವೆಲ್’ ಅನ್ನುವ ಒಂದು ಹೆಸರಿನ ಕೆಳಗೆ ನಾಲ್ಕೈದು ಜಾತಿಯ ದಾರಿಗಳಿವೆ. ಈ ಭಾಗದಲ್ಲಿ ಹತ್ತಾರು ಬೇಸಿಗೆ ಗುಂಪುಗಳನ್ನು ಕರೆದುಕೊಂಡು ಓಡಾಡಿದ ಮೇಲೆ ನಾನು ಹೊಸಬರಿಗೆ ಒಂದೇ ಮಾತು ಹೇಳುತ್ತೇನೆ: ಟಯರ್ ಎಷ್ಟು ಅಗಲ ಅಂತ ಕೇಳುವ ಮೊದಲು, ಆ ರಸ್ತೆಯನ್ನು ಯಾರಿಗಾಗಿ ಮಾಡಿದ್ದು ಅಂತ ಕೇಳಿ. ಅದು ಗೊತ್ತಾದರೆ ಎಷ್ಟು ಕಡಿದಾಗಿರುತ್ತದೆ, ಎಷ್ಟು ಅಗಲವಿರುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನೋದು ಹೋಗುವ ಮುಂಚೆಯೇ ಮುಕ್ಕಾಲುಪಾಲು ಗೊತ್ತಾಗುತ್ತದೆ.

ಲಿವಿನ್ಯೊ ಸುತ್ತಲೇ ಇದನ್ನು ತೋರಿಸುತ್ತೇನೆ. ಊರು ಇರುವುದು 1,816 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಂದರೆ ಊರಿನ ಬೀದಿಯೇ ಹೆಚ್ಚುಕಮ್ಮಿ ನಮ್ಮ ರಾಜ್ಯದ ಅತಿ ಎತ್ತರದ ಶಿಖರದ ಹತ್ತಿರ ಇದೆ. ಅಲ್ಲಿಂದ ಬೊರ್ಮಿಯೊ ಕಡೆ ಹೋದರೆ ಆರ್ನೊಗಾ ಅಂತ ಒಂದು ಪುಟ್ಟ ಜಾಗ ಸಿಗುತ್ತದೆ. ಆರ್ನೊಗಾದಿಂದ ಫ್ರಾಯೆಲೆಯ ಜೋಡಿ ಗೋಪುರಗಳವರೆಗೆ ಬೆಟ್ಟದ ಸೊಂಟದಲ್ಲಿ ಒಂದು ದಾರಿ ಹೋಗುತ್ತದೆ. ಅದರ ಹೆಸರು ಡೆಕೋವಿಲ್. ಇದು ಮೊದಲ ಜಾತಿ, ಹಳೇ ರೈಲಿನ ದಾರಿ. ಡೆಕೋವಿಲ್ ಅಂದರೆ ಫ್ರೆಂಚರ ಒಂದು ಬಗೆಯ ಪುಟ್ಟ ರೈಲು, ಕಿರಿದಾದ ಹಳಿ. ಜಲವಿದ್ಯುತ್ ಕಾಮಗಾರಿಗೆ ಸಾಮಾನು ಸಾಗಿಸಲು ಹಾಕಿದ್ದ ಆ ಹಳಿಯನ್ನು ಕಿತ್ತ ಮೇಲೆ ಉಳಿದದ್ದೇ ಈ ದಾರಿ. ರೈಲು ಕಡಿದಾದ ಏರು ಹತ್ತುವುದಿಲ್ಲ. ಹಾಗಾಗಿ ಸುತ್ತಲೂ ಎರಡೂವರೆ, ಮೂರು ಸಾವಿರ ಮೀಟರ್ ಬೆಟ್ಟಗಳಿದ್ದರೂ ಈ ದಾರಿ ಮಾತ್ರ ಸುಮಾರು 1,900 ಮೀಟರ್‌ನಲ್ಲಿ ಹಾಸಿಗೆ ಹಾಸಿದಂತೆ ಸಮನಾಗಿ ಸಾಗುತ್ತದೆ. ‘ಆರಾಮ’ ಅಂದ ನಿಮ್ಮ ಸ್ನೇಹಿತರು ತುಳಿದದ್ದು ಬಹುಶಃ ಇಂಥದ್ದೇ ದಾರಿ.

ಎರಡನೇ ಜಾತಿ, ಅಣೆಕಟ್ಟಿನ ರಸ್ತೆ. ಗೋಪುರ ದಾಟಿದರೆ ಕಾಂಕಾನೊ, ಸಾನ್ ಜಾಕೊಮೊ ಅನ್ನುವ ಎರಡು ಕೆರೆಗಳು. ಮಿಲಾನ್ ನಗರಕ್ಕೆ ಕರೆಂಟ್ ಕೊಡಲು ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರು. ಸುತ್ತಲಿನ ರಸ್ತೆಯ ಮೇಲೆ ಲಾರಿ ಓಡಾಡಬೇಕಿತ್ತು. ಅದಕ್ಕೇ ಅಗಲವಾಗಿದೆ, ಗಟ್ಟಿಯಾಗಿದೆ, ಈಗಲೂ ರಿಪೇರಿ ಆಗುತ್ತಿರುತ್ತದೆ. ನಿಮ್ಮ ಸೈಕಲ್‌ಗೆ ಹೇಳಿ ಮಾಡಿಸಿದ ಜಾಗ. ಇಟಲಿಯ ದೊಡ್ಡ ಸೈಕಲ್ ರೇಸ್ ಜೀರೊ ದ ಇಟಾಲಿಯಾದ 2020ರ 18ನೇ ಹಂತ ಸ್ಟೆಲ್ವಿಯೊ ಪಾಸ್ ದಾಟಿ ಬಂದು ಮುಗಿದದ್ದು ಈ ಕೆರೆಗಳ ಬಳಿಯೇ.

ಮೂರನೆಯದು ದನ ಮೇಯಿಸುವವರ ದಾರಿ. ಬೇಸಿಗೆಯಲ್ಲಿ ದನಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಾರೆ. ಅಲ್ಲಿಗೆ ಟ್ರ್ಯಾಕ್ಟರ್ ಹೋಗಲು ಒಂದು ದಾರಿ ಬೇಕು. ಟ್ರ್ಯಾಕ್ಟರ್‌ಗೆ ಏರಿನ ಚಿಂತೆ ಇಲ್ಲ. ಹಾಗಾಗಿ ದಾರಿ ನೇರವಾಗಿ ಮೇಲಕ್ಕೆ ಹತ್ತುತ್ತದೆ. 15, 18 ಶೇಕಡಾ ಏರು ಇಂಥ ಕಡೆ ಮಾಮೂಲು. ಆಪ್‌ನಲ್ಲಿ ಇದೂ ಗ್ರಾವೆಲ್ಲೇ. ಚಿತ್ರದಲ್ಲಿ ಚೆಂದ ಕಾಣುತ್ತದೆ, ಮೇಲೆ ಹೋದರೆ ಅರ್ಧ ದಾರಿ ತಳ್ಳಬೇಕಾಗುತ್ತದೆ.

ನಾಲ್ಕನೆಯದು ಸೈನ್ಯದವರು ಮಾಡಿದ್ದು. ಮೊದಲ ಮಹಾಯುದ್ಧದಲ್ಲಿ ಇಟಲಿ ಮತ್ತು ಆಸ್ಟ್ರಿಯಾದ ಸೇನೆಗಳು ಸ್ಟೆಲ್ವಿಯೊ ಪಾಸ್ ಸುತ್ತ ಎದುರುಬದುರಾಗಿ ಕೂತಿದ್ದವು. ಫಿರಂಗಿ ಎಳೆಯಲು ಮಾಡಿದ ದಾರಿಗಳು ಹದವಾದ ಏರಿನಲ್ಲಿ ಹಾವಿನಂತೆ ಸುತ್ತಿಕೊಂಡು ಹತ್ತುತ್ತವೆ. ಏರು ಸಲೀಸು, ಆದರೆ ನೂರು ವರ್ಷದಿಂದ ಯಾರೂ ಸರಿಯಾಗಿ ನೋಡಿಕೊಂಡಿಲ್ಲ. ಕಲ್ಲು ಕಿತ್ತುಬಂದಿದೆ. ಅದು ಮೌಂಟನ್ ಬೈಕಿನ ಜಾಗ.

ಇನ್ನು ಬರೀ ಕಾಲುದಾರಿಗಳು. ಮನುಷ್ಯರು, ಹೇಸರಗತ್ತೆಗಳು ನಡೆದು ನಡೆದು ಆದ ಜಾಡು. ನಿಮ್ಮ ಸುತ್ತಿನ ತೊಡಕು ಇರುವುದು ಇಲ್ಲಿ.

ನಿಮ್ಮ ದಾರಿಯನ್ನೇ ಹಿಡಿದು ಹೋಗೋಣ. ಲಿವಿನ್ಯೊ ಕೆರೆಯ ತುದಿಯಿಂದ ಆಲ್ಪಿಸೆಲ್ಲಾ ಪಾಸ್‌ಗೆ ಸುಮಾರು 450 ಮೀಟರ್ ಏರು. ಪಾಸ್ ಇರುವುದು 2,268 ಮೀಟರ್‌ನಲ್ಲಿ. ನಂದಿ ಬೆಟ್ಟದ ಏರಿಗೆ ಹೋಲಿಸಬಹುದಾದ ಎತ್ತರವೇ, ಆದರೆ ನಂದಿಯಲ್ಲಿ ಡಾಂಬರು ಇದೆ, ಇಲ್ಲಿ ಸಡಿಲ ಜಲ್ಲಿ. ಕೆಳಗಿನ ಭಾಗವೇ ಹೆಚ್ಚು ಕಡಿದು. ಮೈ ಬಿಸಿಯಾಗುವ ಮೊದಲೇ ಉಸಿರು ಕಟ್ಟಿಸುತ್ತದೆ. ಮೊದಲ ಹದಿನೈದು ನಿಮಿಷ ಸುಮ್ನೆ ನಿಧಾನಕ್ಕೆ ಹೋಗಿ. ಆಮೇಲೆ ಕಾಡು ತೆರೆದುಕೊಂಡು ಹುಲ್ಲುಗಾವಲು ಬರುತ್ತದೆ, ಏರೂ ಹದವಾಗುತ್ತದೆ.

ಪಾಸಿನ ನೆತ್ತಿಯಲ್ಲಿ ಒಂದು ನಿಮಿಷ ನಿಲ್ಲಿ. ನೀವು ಹತ್ತಿಬಂದ ಕಡೆ ಬಿದ್ದ ಮಳೆ ಸ್ಪ್ಯೋಲ್ ನದಿ ಸೇರಿ, ಇನ್ ನದಿಗೆ ಹೋಗಿ, ಡ್ಯಾನ್ಯೂಬ್ ಹಿಡಿದು ಕಪ್ಪು ಸಮುದ್ರ ಮುಟ್ಟುತ್ತದೆ. ನೀವು ಇಳಿಯಲಿರುವ ಕಡೆ ಬಿದ್ದದ್ದು ಆದ್ದಾ ನದಿಯಾಗಿ ಕೋಮೊ ಸರೋವರಕ್ಕೆ, ಅಲ್ಲಿಂದ ಪೋ ನದಿಗೆ, ಕೊನೆಗೆ ಏಡ್ರಿಯಾಟಿಕ್ ಸಮುದ್ರಕ್ಕೆ. ಆದ್ದಾ ಹುಟ್ಟುವುದು ಈ ಪಾಸಿನ ಕೆಳಗೇ. ನೀವು ಸಕಲೇಶಪುರದವರು. ಒಂದು ಬದಿಯ ನೀರು ಪೂರ್ವಕ್ಕೆ, ಇನ್ನೊಂದು ಬದಿಯದು ಪಶ್ಚಿಮಕ್ಕೆ ಹೋಗುವ ಘಟ್ಟದ ನೆತ್ತಿ ನಿಮಗೆ ಗೊತ್ತು. ನನಗಂತೂ ಅಲ್ಲಿ ನಿಂತಾಗಲೆಲ್ಲ ಊರು ನೆನಪಾಗುತ್ತದೆ.

ಅಲ್ಲಿಂದ ಇಳಿದರೆ ಸಾನ್ ಜಾಕೊಮೊ ಕೆರೆ. ಇಲ್ಲಿವರೆಗೆ ನಿಮ್ಮ ಸೈಕಲ್ ಸರಿ. ಇಲ್ಲಿಂದ ಎಡಕ್ಕೆ ತಿರುಗಿ ಸ್ವಿಟ್ಜರ್ಲೆಂಡಿನ ಗಡಿ ದಾಟಿದ ಮೇಲೆ ದಾರಿಯ ಜಾತಿ ಬದಲಾಗುತ್ತದೆ. ವಾಲ್ ಮೋರಾದ ಈ ಕೆಳತುದಿ ಕೆಲವು ಕಿಲೋಮೀಟರ್ ಬರೀ ಕಾಲುದಾರಿ. ಒಂದು ಬದಿ ಬೆಟ್ಟದಿಂದ ಜಾರಿಬಂದ ಪುಡಿಗಲ್ಲು, ಇನ್ನೊಂದು ಬದಿ ಕೆಳಗೆ ಹೊಳೆ. ಹ್ಯಾಂಡಲ್ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಜಾಗ. ಎದುರಿಗೆ ನಡೆದು ಬರುವವರೂ ಇರುತ್ತಾರೆ. ಮೇಲೆ ಆಲ್ಪ್ ಮೋರಾ ಮುಟ್ಟಿದರೆ ಮತ್ತೆ ಅಗಲವಾದ ಜಲ್ಲಿರಸ್ತೆ, ಡೋಸ್ ರಾಡೊಂಡ್ ಅನ್ನುವ 2,234 ಮೀಟರ್ ನೆತ್ತಿ, ಆಮೇಲೆ 1,375 ಮೀಟರ್‌ನಲ್ಲಿರುವ ಸಾಂತಾ ಮರಿಯಾವರೆಗೆ ಉದ್ದನೆಯ ಇಳಿಜಾರು.

ಆಪ್ ಇದನ್ನೆಲ್ಲ ಒಂದೇ ಗೆರೆಯಾಗಿ ಯಾಕೆ ತೋರಿಸುತ್ತದೆ? ಬಹಳ ಆಪ್‌ಗಳು ಬಳಸುವ ನಕ್ಷೆಯನ್ನು ಜನರೇ ಸೇರಿ ತುಂಬಿದ್ದು. ಯಾರೋ ಒಬ್ಬರು ಅಲ್ಲಿ ಹೋಗಿ ‘ನೆಲ: ಜಲ್ಲಿ’ ಅಂತ ಬರೆದಿರುತ್ತಾರೆ. ಕಾಲುದಾರಿಯ ನೆಲವೂ ಜಲ್ಲಿಯೇ ತಾನೆ? ಅದು ತಪ್ಪಲ್ಲ. ಆದರೆ ನೆಲ ಯಾವುದು ಅನ್ನೋದು ಬೇರೆ, ದಾರಿ ಎಷ್ಟು ಅಗಲ, ಎಷ್ಟು ಕಷ್ಟ ಅನ್ನೋದು ಬೇರೆ. ಹೆಚ್ಚು ಜನ ಓಡಾಡಿದ ದಾರಿ ಕೆಂಪಾಗಿ ಕಾಣುವ ನಕ್ಷೆಯನ್ನು ನೋಡಿಯೂ ಮೋಸಹೋಗಬೇಡಿ. ಆ ಕೆಂಪಿನಲ್ಲಿ ಮೌಂಟನ್ ಬೈಕಿನವರು ಎಷ್ಟು, ಗ್ರಾವೆಲ್‌ನವರು ಎಷ್ಟು ಅಂತ ಅದು ಹೇಳುವುದಿಲ್ಲ. ಕಿರುದಾರಿಗಳಿಗೆ ಎಸ್0ಯಿಂದ ಎಸ್5ವರೆಗೆ ಒಂದು ಕಷ್ಟದ ಅಳತೆ ಇದೆ. ಅದನ್ನು ಕೊಡುವ ನಕ್ಷೆ ಸಿಕ್ಕರೆ ಅದನ್ನೇ ನೋಡಿ. ಎಸ್0 ನಿಮಗೆ ಸರಿ. ಎಸ್1 ಅಂದರೆ ಸಡಿಲ ಕಲ್ಲು, ಬೇರು ಶುರು. ಅಲ್ಲಿ ಕೈ ಕುದುರಿರಬೇಕು. ಅದರ ಮೇಲಿನದು ಬೇಡ.

ಹಾಗಾದರೆ ವಾಲ್ ಮೋರಾ ಗ್ರಾವೆಲ್ ಸೈಕಲ್‌ನಲ್ಲಿ ಆಗುತ್ತಾ? ಆಗುತ್ತದೆ. ನಾನು 45 ಮಿ.ಮೀ. ಟಯರ್‌ನಲ್ಲಿ ಹಲವು ಸಲ ದಾಟಿದ್ದೇನೆ. ಪುಡಿಗಲ್ಲಿನ ಕೆಲವು ಕಡೆ ಇಂದಿಗೂ ಇಳಿದು ತಳ್ಳುತ್ತೇನೆ. ತಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಒಬ್ಬರೇ, ಮೊದಲ ಸಲ, ಮುಂದೆ ಇನ್ನೂ ಎರಡು ಏರು ಬಾಕಿ ಇಟ್ಟುಕೊಂಡು ಅಲ್ಲಿಗೆ ಹೋಗುವುದು ನನಗೆ ಇಷ್ಟವಿಲ್ಲ.

ಯಾಕೆ ಅಂದರೆ, ನಿಮ್ಮ ಸುತ್ತಿನ ಕೊನೆಯ ಭಾಗವೇ ಭಾರ. ಸಾಂತಾ ಮರಿಯಾ ಮುಟ್ಟುವಾಗ ನಿಮಗೆ ಅರ್ಧಕ್ಕಿಂತ ಜಾಸ್ತಿ ದಾರಿ ಮುಗಿದ ಖುಷಿ ಇರುತ್ತದೆ. ಆದರೆ ಅಲ್ಲಿಂದ 2,149 ಮೀಟರ್‌ನ ಓಫನ್ ಪಾಸ್‌ಗೆ ಇನ್ನೂ 770 ಮೀಟರ್ ಏರಬೇಕು, ಡಾಂಬರು ರಸ್ತೆಯಲ್ಲಿ, ಬೇಸಿಗೆಯ ಮೋಟರ್‌ಸೈಕಲ್‌ಗಳ ಸಾಲಿನ ಪಕ್ಕದಲ್ಲಿ. ಎಲ್ಲ ಸೇರಿ ದಿನಕ್ಕೆ 1,500 ಮೀಟರ್ ಮೇಲೆ ಏರು. ಆಮೇಲೆ ಲಿವಿನ್ಯೊ ಕಡೆಗಿನ ಮುಂಟ್ ಲಾ ಶೇರಾ ಸುರಂಗ. 3 ಕಿ.ಮೀ. ಮೀರಿದ ಉದ್ದ, ಒಂದೇ ಗಾಡಿಯ ಅಗಲ. ಅದರೊಳಗೆ ಸೈಕಲ್ ತುಳಿಯುವಂತಿಲ್ಲ, ವಾಹನದಲ್ಲಿ ಹೇರಿಕೊಂಡೇ ದಾಟಬೇಕು. ಕೊನೇ ಗಾಡಿ ಎಷ್ಟು ಹೊತ್ತಿಗೆ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳದಿದ್ದರೆ ಸಂಜೆ ಆ ಬಾಯಲ್ಲಿ ನಿಂತು ದಿಕ್ಕು ತೋಚದಂತಾಗುತ್ತದೆ. ಸುರಂಗ ತಪ್ಪಿಸಲು ಪಕ್ಕದ ಕಾಡಿನ ದಾರಿ ಹಿಡಿಯೋಣ ಅಂತಲೂ ಆಗದು. ಅದು 1914ರಲ್ಲಿ ಶುರುವಾದ ಸ್ವಿಸ್ ರಾಷ್ಟ್ರೀಯ ಉದ್ಯಾನ. ಅಲ್ಲಿನ ಕಾಲುದಾರಿಗಳಲ್ಲಿ ಸೈಕಲ್ ನಿಷೇಧ.

ಈಗ ನಿಮ್ಮ ಸೈಕಲ್ ವಿಷಯ. ಮೊದಲು ಆ 60 ಪಿಎಸ್‌ಐ ಬಿಡಿ. ಗಟ್ಟಿ ಗಾಳಿ ಇದ್ದರೆ ಪಂಚರ್ ಆಗಲ್ಲ ಅನ್ನೋದು ಡಾಂಬರಿನ ನಂಬಿಕೆ. ಜಲ್ಲಿಯ ಮೇಲೆ ಗಟ್ಟಿ ಟಯರ್ ಪ್ರತಿ ಕಲ್ಲಿಗೂ ಚೆಂಡಿನಂತೆ ಪುಟಿಯುತ್ತದೆ, ನೆಲ ಹಿಡಿಯುವುದಿಲ್ಲ, ತಿರುವಿನಲ್ಲಿ ಜಾರುತ್ತದೆ. ನಿಮ್ಮ ತೋಟದ ದಾರಿಯ ಕೆಂಪು ಮಣ್ಣು ಮೆತ್ತಗೆ, ಅಲ್ಲಿನ ಕಲ್ಲು ಮಳೆನೀರಿಗೆ ಸವೆದು ದುಂಡಗೆ. ಇಲ್ಲಿ ಹಾಗಲ್ಲ. ಬಂಡೆಯ ಬಿರುಕಿಗೆ ನೀರಿಳಿದು, ರಾತ್ರಿ ಮಂಜುಗಡ್ಡೆಯಾಗಿ ಹಿಗ್ಗಿ, ಕಲ್ಲನ್ನು ಸೀಳುತ್ತದೆ. ಹೀಗೆ ಒಡೆದ ಕಲ್ಲಿನ ಅಂಚು ಚಾಕುವಿನ ಹಾಗೆ. ಪ್ರತಿ ಚಳಿಗಾಲ ಕಳೆದ ಮೇಲೆ ಹೊಸ ಕಲ್ಲು ದಾರಿಗೆ ಬಿದ್ದಿರುತ್ತದೆ. ಅದಕ್ಕೇ ಹೋದ ವರ್ಷದ ವಿಡಿಯೊ ನೋಡಿ ರಸ್ತೆ ಹೀಗೇ ಇದೆ ಅಂತ ಅಂದುಕೊಳ್ಳಬೇಡಿ.

ಗಾಳಿ ಕಡಿಮೆ ಮಾಡಿದರೆ ಟ್ಯೂಬ್ ಇರುವ ಟಯರ್‌ಗೆ ಇನ್ನೊಂದು ತೊಂದರೆ. ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿಕೊಂಡು ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತವೆ. ಇದರಿಂದ ಹೊರಬರಲು ದಾರಿ ಟ್ಯೂಬ್‌ಲೆಸ್. ನಿಮ್ಮ ರಿಮ್ ಟ್ಯೂಬ್‌ಲೆಸ್‌ಗೆ ಹೊಂದುತ್ತದಾ ಅಂತ ಅಂಗಡಿಯಲ್ಲಿ ಕೇಳಿ. ಫ್ರೇಮಿನಲ್ಲಿ ಜಾಗವಿದ್ದರೆ 45 ಮಿ.ಮೀ. ಟಯರ್ ಹಾಕಿಸಿ, ಒಳಗೆ ಸೀಲೆಂಟ್ ಅನ್ನುವ, ತೂತು ಮುಚ್ಚುವ ದ್ರವ ತುಂಬಿಸಿ. 75 ಕೆ.ಜಿ. ತೂಕದವರಾದರೆ ಹಿಂದೆ 30, ಮುಂದೆ 28 ಪಿಎಸ್‌ಐ ಸುತ್ತಮುತ್ತ ಶುರುಮಾಡಿ, ರಿಮ್ಮಿಗೆ ಕಲ್ಲು ಬಡಿದ ಸದ್ದು ಬಂದರೆ ಎರಡು ಏರಿಸಿ. ಟ್ಯೂಬ್‌ಲೆಸ್ ಆದರೂ ಚೀಲದಲ್ಲಿ ಒಂದು ಟ್ಯೂಬ್ ಇರಲಿ. ಟಯರಿನ ಪಕ್ಕ ಸೀಳಿದರೆ ಸೀಲೆಂಟ್ ನಿಲ್ಲಿಸುವುದಿಲ್ಲ.

ಗೇರ್ ಇನ್ನೂ ಮುಖ್ಯ. ಇದನ್ನು ಲೆಕ್ಕ ಮಾಡಿಯೇ ಹೇಳುತ್ತೇನೆ. ಮುಂದೆ 40, ಹಿಂದೆ 42 ಹಲ್ಲು ಅಂದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2.1 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 7.5 ಕಿ.ಮೀ. ವೇಗ. ನೀವು, ಸೈಕಲ್, ಚೀಲ ಸೇರಿ 90 ಕೆ.ಜಿ. ಅಂದುಕೊಳ್ಳಿ. 12 ಶೇಕಡಾ ಏರಿನಲ್ಲಿ ಆ ವೇಗಕ್ಕೆ ಸುಮಾರು 240 ವಾಟ್ ಬೇಕು. ಭಾನುವಾರದ ಸವಾರರು ಹತ್ತು ನಿಮಿಷ ಅಷ್ಟು ಕೊಡಬಹುದು, ಆಮೇಲೆ ಕಾಲು ಸೋಲುತ್ತದೆ. ಮುಂದಿನ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ) 32 ಹಲ್ಲಿನದ್ದು ಹಾಕಿಸಿದರೆ ಅದೇ 60 ಸುತ್ತಿಗೆ ಗಂಟೆಗೆ 6 ಕಿ.ಮೀ., ಬೇಕಾಗುವುದು 195 ವಾಟ್ ಆಸುಪಾಸು. ಡಾಂಬರಿನಲ್ಲಿ ಗೇರ್ ಸಾಲದಿದ್ದರೆ ಎದ್ದು ನಿಂತು ತುಳಿಯಬಹುದು. ಸಡಿಲ ಜಲ್ಲಿಯಲ್ಲಿ ಎದ್ದ ಕ್ಷಣ ಹಿಂದಿನ ಚಕ್ರದ ಮೇಲಿನ ಭಾರ ತಪ್ಪಿ ಅದು ನಿಂತಲ್ಲೇ ಗಿರ್ರನೆ ಸುತ್ತುತ್ತದೆ. ಕೂತೇ ಹತ್ತಬೇಕು. ಅದಕ್ಕೇ ಈ ಚಿಕ್ಕ ಗೇರ್. ನಿಮ್ಮ ಕ್ರ್ಯಾಂಕಿಗೆ (ಪೆಡಲ್ ಕೂರುವ ತೋಳಿಗೆ) 32 ಕೂರದಿದ್ದರೆ 34, 36 ಆದರೂ ಹಾಕಿಸಿ. ಕ್ರ್ಯಾಂಕಿಗೆ ಯಾವುದು ಹೊಂದುತ್ತದೆ, ಚೈನ್ ಎಷ್ಟು ಕತ್ತರಿಸಬೇಕು ಅಂತ ಮೆಕ್ಯಾನಿಕ್ ನೋಡಿ ಹೇಳುತ್ತಾರೆ. ಇಡೀ ಪ್ರವಾಸಕ್ಕೆ ನೀವು ಮಾಡುವ ಅತಿ ಉಪಯೋಗದ ಖರ್ಚು ಇದೇ.

ಇಳಿಜಾರಿನ ಬಗ್ಗೆ ನೀವು ಏನೂ ಕೇಳಿಲ್ಲ. ಹತ್ತೋದಕ್ಕೇ ಎಲ್ಲರೂ ಹೆದರುತ್ತಾರೆ. ಆದರೆ ನಾನು ಕಂಡ ಪೆಟ್ಟುಗಳೆಲ್ಲ ಹೆಚ್ಚುಕಮ್ಮಿ ಇಳಿಯುವಾಗ ಆದವು. ಈ ದಾರಿಗಳಲ್ಲಿ ಮಳೆನೀರು ರಸ್ತೆ ಕೊರೆಯದಿರಲಿ ಅಂತ ಅಡ್ಡಲಾಗಿ ಮರದ ಅಥವಾ ಕಬ್ಬಿಣದ ಕಿರುಚರಂಡಿ ಹೂತಿಟ್ಟಿರುತ್ತಾರೆ. ನೀರು ಪಕ್ಕಕ್ಕೆ ಹರಿಯಬೇಕಲ್ಲ, ಅದಕ್ಕೆ ಅವನ್ನು ನೇರ ಅಡ್ಡ ಇಡದೆ ಓರೆಯಾಗಿ ಇಡುತ್ತಾರೆ. ಅಂಗೈ ಅಗಲದ ಸಂದು. ದೂರದಿಂದ ಬರೀ ಒಂದು ನೆರಳಿನ ಗೆರೆ ಕಂಡಹಾಗೆ ಕಾಣುತ್ತದೆ. ಓರೆಯಾಗಿಯೇ ಅದರ ಮೇಲೆ ಹೋದರೆ ಮುಂದಿನ ಚಕ್ರ ಸಂದಿಗೆ ಸಿಕ್ಕಿ ತಿರುಚಿಕೊಳ್ಳುತ್ತದೆ. ಮೊದಲೇ ವೇಗ ತಗ್ಗಿಸಿ, ಚರಂಡಿಗೆ ನೇರವಾಗಿ ಎದುರಾಗುವ ಹಾಗೆ ಹ್ಯಾಂಡಲ್ ತಿರುಗಿಸಿ, ದಾಟುವಾಗ ಬ್ರೇಕ್ ಬಿಟ್ಟು, ಮೈಯನ್ನು ಸ್ವಲ್ಪ ಹಿಂದಕ್ಕೆ ತಗೊಂಡು ದಾಟಿ. ಒದ್ದೆ ಮರವಾದರೆ ಇನ್ನೂ ಹುಷಾರು, ಅದು ಪಾಚಿಕಲ್ಲಿನ ಹಾಗೆ.

ಬ್ರೇಕನ್ನು ಇಡೀ ಇಳಿಜಾರು ಹಿಡಿದೇ ಇರಬೇಡಿ. ಡಿಸ್ಕ್ ಕಾಯುತ್ತದೆ, ಪ್ಯಾಡ್ ಸುಡುತ್ತದೆ, ಕೆಳಗೆ ಬರುವಷ್ಟರಲ್ಲಿ ಹಿಡಿತ ಕಡಿಮೆಯಾಗುತ್ತದೆ. ತಿರುವಿನ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಬಿಟ್ಟು ತಣ್ಣಗಾಗಲು ಬಿಡಿ. ಹೊರಡುವ ವಾರ ಪ್ಯಾಡ್ ಎಷ್ಟು ಉಳಿದಿದೆ ಅಂತ ನೋಡಿಸಿ.

ನಿಮ್ಮ ಮನೆಯವರ ವಿಷಯದಲ್ಲಿ ಬ್ರೇಕಿನದೇ ಒಂದು ಮಾತು, ದಯವಿಟ್ಟು ಇದನ್ನು ಮರೆಯಬೇಡಿ. ನಮ್ಮೂರಿನಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರದ್ದು, ಎಡಗೈಯದು ಹಿಂದಿನದ್ದು. ಇಟಲಿ, ಜರ್ಮನಿಯಲ್ಲಿ ತಿರುಗುಮುರುಗು: ಎಡಗೈ ಮುಂದಿನದು. ಕೆಲವು ವರ್ಷದ ಹಿಂದೆ ಬೆಂಗಳೂರಿನಿಂದ ಬಂದ ಒಬ್ಬರು ನನ್ನ ಗುಂಪಿನಲ್ಲಿದ್ದರು. ಬಾಡಿಗೆ ಸೈಕಲ್. ನಾನು ಹೇಳಿದ್ದೆ, ಅವರೂ ತಲೆ ಆಡಿಸಿದ್ದರು. ಮೊದಲ ಇಳಿಜಾರಿನ ಎರಡನೇ ತಿರುವಿನಲ್ಲಿ ಗಾಬರಿಯಾಗಿ ಕೈ ಹಳೇ ಅಭ್ಯಾಸದಂತೆ ಎಡಗಡೆ ಬಿಗಿಯಿತು. ಹಿಂದಿನ ಬ್ರೇಕ್ ಅಂತ ಅಂದುಕೊಂಡದ್ದು ಮುಂದಿನದಾಗಿತ್ತು. ಹ್ಯಾಂಡಲ್ ಮೇಲಿಂದ ಹಾರಿ ಬಿದ್ದು ಮುಂಗೈ ಮುರಿಯಿತು. ಬಾಯಲ್ಲಿ ಹೇಳಿದ್ದು ಸಾಲಲಿಲ್ಲ, ತಪ್ಪು ನನ್ನದೇ. ಅವತ್ತಿಂದ ಊರವರು ಯಾರೇ ಬಂದರೂ ಮೊದಲು ಸಮತಟ್ಟು ಜಾಗದಲ್ಲಿ ಅರ್ಧ ಗಂಟೆ ಬ್ರೇಕ್ ಹಿಡಿಸಿ, ಬಿಡಿಸಿ, ಕೈಗೆ ರೂಢಿ ಮಾಡಿಸುತ್ತೇನೆ. ಎಡ ಹಿಡಿಗೆ ಕೆಂಪು ಟೇಪ್ ಸುತ್ತುತ್ತೇನೆ. ನೀವೂ ಹಾಗೇ ಮಾಡಿ.

ಅವರಿಗೆ ಎಂಥ ಸೈಕಲ್? ಇ-ಮೌಂಟನ್ ಬೈಕ್ ಬಾಡಿಗೆಗೆ ತಗೊಳ್ಳಿ. ಲಿವಿನ್ಯೊದಲ್ಲಿ ಸುಲಭವಾಗಿ ಸಿಗುತ್ತದೆ. ಅಗಲ ಟಯರ್, ಒಳ್ಳೆ ಬ್ರೇಕ್, ಏರಿಗೆ ಮೋಟರಿನ ಸಹಾಯ. ಆದರೆ ಮೋಟರ್ ಹತ್ತಿಸುತ್ತದೆಯೇ ಹೊರತು ಇಳಿಸಿಕೊಡುವುದಿಲ್ಲ. ಹೆಚ್ಚು ಅಭ್ಯಾಸವಿಲ್ಲದವರು ಕಷ್ಟವಿಲ್ಲದೆ ಮೇಲೆ ಹೋಗಿ, ಇಳಿಯಲಾಗದ ಜಾಗದಲ್ಲಿ ನಿಲ್ಲುವುದು ಈಗ ಜಾಸ್ತಿಯಾಗಿದೆ. ಹಾಗಾಗಿ ಅವರ ದಾರಿಯನ್ನು ಆರಿಸುವಾಗ ಏರು ನೋಡಬೇಡಿ, ಇಳಿಜಾರು ನೋಡಿ.

ಎತ್ತರದ ಮಾತ್ರೆ ಬೇಡ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ಮೇಲೆ ಉಳಿದುಕೊಳ್ಳುವವರನ್ನು ಕಾಡುತ್ತದೆ. ನೀವು ಮಲಗುವುದು 1,816ರಲ್ಲಿ. ಆದರೆ ಉಸಿರು ಏರುವುದು ನಿಜ. 2,300 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗ ಮಾತ್ರ. ಮ್ಯೂನಿಕ್‌ನಲ್ಲಿ ಆರಾಮವಾಗಿದ್ದ ವೇಗ ಇಲ್ಲಿ ಏದುಸಿರು ತರಿಸುತ್ತದೆ. ಮೊದಲ ಎರಡು ದಿನ ಗಡಿಯಾರದ ವೇಗ ನೋಡದೆ, ಮಾತಾಡಿಕೊಂಡು ಹೋಗಲು ಆಗುತ್ತಿದೆಯಾ ಅಂತ ನೋಡಿಕೊಳ್ಳಿ. ಎದೆನೋವು, ಬಿಪಿ, ಉಬ್ಬಸದ ಹಿನ್ನೆಲೆ ಇದ್ದರೆ ಮಾತ್ರ ನಿಮ್ಮ ಡಾಕ್ಟರನ್ನು ಕೇಳಿ ಹೊರಡಿ.

ನನಗೆ ಎತ್ತರಕ್ಕಿಂತ ಜಾಸ್ತಿ ಭಯ ಮಧ್ಯಾಹ್ನದ ಗುಡುಗಿನದು. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಬಿಸಿಲಿಗೆ ಕಣಿವೆ ಕಾದು, ಬಿಸಿಗಾಳಿ ಬೆಟ್ಟದ ಮೈ ಹಿಡಿದು ಮೇಲೇರಿ, ಎರಡು ಮೂರು ಗಂಟೆಗೆಲ್ಲ ಹೂಕೋಸಿನಂಥ ಮೋಡ ಎದ್ದು ಸಿಡಿಲು ಶುರು. ಪಾಸಿನ ಮೇಲೆ ಮರವಿಲ್ಲ, ಸೂರಿಲ್ಲ. ಏಳು ಗಂಟೆಗೆ ಹೊರಡಿ, ಹನ್ನೆರಡರೊಳಗೆ ಅತಿ ಎತ್ತರದ ಜಾಗ ದಾಟಿರಿ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. 30 ಎಣಿಸುವ ಮೊದಲೇ ಗುಡುಗಿದರೆ ಅದಾಗಲೇ ಹತ್ತಿರ ಬಂದಿದೆ, ಕೆಳಗಿಳಿಯಿರಿ. ಚಳಿಯನ್ನೂ ಹಗುರವಾಗಿ ತಗೊಳ್ಳಬೇಡಿ. ಪ್ರತಿ ನೂರು ಮೀಟರ್‌ಗೆ ಸುಮಾರು 0.65 ಡಿಗ್ರಿ ಇಳಿಯುತ್ತದೆ. ಮ್ಯೂನಿಕ್‌ನಲ್ಲಿ 28 ಇದ್ದ ದಿನ ಪಾಸಿನಲ್ಲಿ 16, 17 ಇರಬಹುದು. ಬೆವರಿನ ಅಂಗಿಯಲ್ಲಿ ಇಳಿಯುವ ಗಾಳಿಗೆ ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದೇ ಕಷ್ಟ. ಉದ್ದ ಬೆರಳಿನ ಗ್ಲೌಸ್, ಗಾಳಿ ತಡೆಯುವ ಜಾಕೆಟ್ ಆಗಸ್ಟ್‌ನಲ್ಲೂ ಬೇಕು.

ಮೇಲೆ ದನಗಳು ಸಿಗುತ್ತವೆ, ಕೊರಳಗಂಟೆ ಕೇಳುತ್ತದೆ. ನಮ್ಮ ಕೈ ತಾನಾಗಿ ತಲೆ ಸವರಲು ಹೋಗುತ್ತದೆ. ಬೇಡ. ಕರು ಜೊತೆಗಿರುವ ಹಸು ಇಲ್ಲಿ ಮೈಮೇಲೆ ಬಂದ ಉದಾಹರಣೆಗಳಿವೆ. ಹಸು, ಕರುವಿನ ನಡುವೆ ಹೋಗದೆ ದೂರದಿಂದ ಸುತ್ತಿ ಹೋಗಿ. ಕುರಿಮಂದೆಯ ಕಾವಲುನಾಯಿ ಎದುರಾದರೆ ಸೈಕಲ್‌ನಿಂದ ಇಳಿದು, ಸೈಕಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು ನಿಧಾನಕ್ಕೆ ನಡೆಯಿರಿ. ಓಡಿದರೆ, ವೇಗವಾಗಿ ತುಳಿದರೆ ಅದು ಬೆನ್ನಟ್ಟುತ್ತದೆ. ನೀವು ತೆರೆದ ಬೇಲಿಬಾಗಿಲನ್ನು ಮತ್ತೆ ಮುಚ್ಚಿ ಹೋಗಿ.

ಇನ್ನು ಪ್ಲಾನ್. ಮೊದಲು ತಾರೀಕು ಬದಲಿಸಿ. ಆಗಸ್ಟ್ 15 ಇಟಲಿಗೆ ದೊಡ್ಡ ರಜೆ, ಫೆರಾಗೋಸ್ತೊ. ಆ ವಾರ ರೂಮು ದುಬಾರಿ, ದಾರಿ ತುಂಬ ಜನ. ಸೆಪ್ಟೆಂಬರ್ ಮೊದಲ ವಾರಕ್ಕೆ ಹೋಗಿ. ಗುಡುಗು ಕಡಿಮೆ, ನೋಟ ಸ್ವಚ್ಛ.

ಮೊದಲ ದಿನ ಇಬ್ಬರೂ ಊರಿನ ಉದ್ದಕ್ಕೂ ಇರುವ ಸೈಕಲ್ ದಾರಿಯಲ್ಲಿ ಓಡಾಡಿ, ಬ್ರೇಕ್ ಪಾಠ ಮುಗಿಸಿ. ಎರಡನೇ ದಿನ ಕಾರಿನಲ್ಲಿ ಆರ್ನೊಗಾವರೆಗೆ ಹೋಗಿ, ಅಲ್ಲಿಂದ ಡೆಕೋವಿಲ್ ಹಿಡಿದು ಗೋಪುರಗಳು, ಎರಡು ಕೆರೆಗಳ ಸುತ್ತು, ಅದೇ ದಾರಿಯಲ್ಲಿ ವಾಪಸ್. 40 ಕಿ.ಮೀ. ಸುತ್ತಮುತ್ತ. ಇಡೀ ಪ್ರವಾಸದಲ್ಲಿ ಇಬ್ಬರಿಗೂ ನೆನಪಿನಲ್ಲಿ ಉಳಿಯುವುದು ಈ ದಿನವೇ ಅಂತ ನನಗೆ ಅನ್ನಿಸುತ್ತದೆ. ಆ ಗೋಪುರಗಳ ಕೆಳಗೆ ಕಣಿವೆಗೆ ಇಳಿಯುವ ಹೇರ್‌ಪಿನ್ ತಿರುವುಗಳನ್ನು ಮೇಲಿಂದ ನೋಡಿದರೆ ಯಾರೋ ದಾರದುಂಡೆ ಬಿಚ್ಚಿ ಎಸೆದ ಹಾಗೆ ಕಾಣುತ್ತದೆ.

ಮೂರನೇ ದಿನ ನಿಮ್ಮದು. ಎರಡು ಆಯ್ಕೆ ಕೊಡುತ್ತೇನೆ. ಒಂದು, ಆಲ್ಪಿಸೆಲ್ಲಾ ಹತ್ತಿ, ಸಾನ್ ಜಾಕೊಮೊ ಕೆರೆ ಸುತ್ತಿ, ಆಲ್ಪಿಸೆಲ್ಲಾದಿಂದಲೇ ವಾಪಸ್. ಬಂದ ದಾರಿಯಲ್ಲೇ ಹಿಂದಿರುಗುವುದರಿಂದ ಎಲ್ಲಿ ಏನಿದೆ ಅಂತ ಗೊತ್ತಿರುತ್ತದೆ, ಯಾವಾಗ ಬೇಕಾದರೂ ತಿರುಗಬಹುದು. ಕಷ್ಟ ಅಂದರೆ ಹಿಂದಿರುಗುವ ಏರು ಸುಸ್ತಾದ ಕಾಲಿಗೆ ಬೀಳುತ್ತದೆ. ನಾನು ನಿಮ್ಮ ಜಾಗದಲ್ಲಿದ್ದರೆ ಇದನ್ನೇ ಮಾಡುತ್ತಿದ್ದೆ.

ಎರಡು, ವಾಲ್ ಮೋರಾ ಬೇಕೇ ಬೇಕು ಅನ್ನಿಸಿದರೆ ಸುತ್ತಿನಿಂದ ಓಫನ್ ಪಾಸ್ ತೆಗೆದುಹಾಕಿ. ಸಾಂತಾ ಮರಿಯಾದಿಂದ ಝೆರ್ನೆಟ್ಸ್ ಕಡೆ ಹೋಗುವ ಹಳದಿ ಅಂಚೆ ಬಸ್ ಹತ್ತಿ ಸುರಂಗದ ಬಾಯಿಯವರೆಗೆ ಬನ್ನಿ. ಬಸ್ಸಿನಲ್ಲಿ ಸೈಕಲ್‌ಗೆ ಜಾಗ ಕಡಿಮೆ, ಮೊದಲೇ ವಿಚಾರಿಸಿ. ಜೊತೆಗೆ ಇನ್ನೊಬ್ಬ ಸವಾರರು ಇರಲೇಬೇಕು. ಗಡಿ ದಾಟುವುದರಿಂದ ಪಾಸ್‌ಪೋರ್ಟ್, ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಎರಡೂ ಇರಲಿ. ಯುರೋಪಿಯನ್ ಒಕ್ಕೂಟದ ಉಚಿತ ರೋಮಿಂಗ್ ಸ್ವಿಟ್ಜರ್ಲೆಂಡಿಗೆ ಅನ್ವಯಿಸುವುದಿಲ್ಲ, ಡೇಟಾ ನೋಡಿಕೊಳ್ಳಿ. ಕಣಿವೆಯೊಳಗೆ ಫೋನ್ ಸಿಗ್ನಲ್ ನಂಬಬೇಡಿ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಹೆಲಿಕಾಪ್ಟರ್ ರಕ್ಷಣೆಯ ಖರ್ಚು ನಿಮ್ಮ ವಿಮೆಯಲ್ಲಿ ಇದೆಯಾ ಅಂತ ಓದಿನೋಡಿ. ತುರ್ತು ನಂಬರ್ 112, ಸ್ವಿಟ್ಜರ್ಲೆಂಡಿನಲ್ಲಿ ಹೆಲಿಕಾಪ್ಟರ್‌ಗೆ 1414. ಫೋನ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಸಲ ಸೀಟಿ ಊದಿ ಅಥವಾ ಟಾರ್ಚ್ ಬೆಳಗಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಅದು ಆಲ್ಪ್ಸ್‌ನ ಎಲ್ಲರಿಗೂ ಅರ್ಥವಾಗುವ ಸಹಾಯದ ಕರೆ.

ನಾಲ್ಕನೇ ದಿನ ಖಾಲಿ ಬಿಡಿ. ಮೂರನೇ ದಿನ ಮಳೆ ಬಂದರೆ ಅದು ಬೇಕಾಗುತ್ತದೆ. ಖಾಲಿ ದಿನ ಇಟ್ಟುಕೊಳ್ಳದವರೇ ಮೋಡ ಕಂಡೂ ಹೊರಡುತ್ತಾರೆ.

ಊಟಕ್ಕೆ ಹೆದರಬೇಡಿ. ಈ ಕಡೆಯ ಪಿಟ್ಸೋಕ್ಕೆರಿ ಕೇಳಿ ತಿನ್ನಿ. ಬಕ್‌ವೀಟ್ ಅನ್ನುವ ಕಪ್ಪು ಧಾನ್ಯದ ಅಗಲ ಶಾವಿಗೆ, ಅದಕ್ಕೆ ಆಲೂಗಡ್ಡೆ, ಕೋಸು, ಬೆಣ್ಣೆ, ಚೀಸ್. ಸವಾರಿ ಮುಗಿಸಿ ಬಂದ ಹೊಟ್ಟೆಗೆ ಹಿತ. ಇಲ್ಲಿನ ಚೀಸ್‌ಗೆ ಸಾಮಾನ್ಯವಾಗಿ ಹಾಲು ಹೆಪ್ಪುಗಟ್ಟಲು ಕರುವಿನ ರೆನೆಟ್ (ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು) ಹಾಕುತ್ತಾರೆ. ನಿಮಗೆ ಅದು ಆಗದಿದ್ದರೆ ಚೀಸ್ ಬೇಡ ಅಂತ ಹೇಳಿ. ಬ್ರೆಸಾವೊಲಾ ಅನ್ನುವ ಹೆಸರು ಕಂಡರೆ ಬಿಡಿ, ಅದು ಒಣಗಿಸಿದ ದನದ ಮಾಂಸ. ಸಲಾಡ್, ಬ್ರೆಡ್ ಮೇಲೂ ತೆಳುವಾಗಿ ಹಾಸಿ ಕೊಡುತ್ತಾರೆ, ಆರ್ಡರ್ ಮಾಡುವಾಗಲೇ ಹೇಳಿಬಿಡಿ. ದಾರಿಯಲ್ಲಿ ಗುಡಿಸಲು ಹೋಟೆಲ್ ತೆರೆದಿರುತ್ತದೆ ಅಂತ ನಂಬಿ ಹೊರಡಬೇಡಿ. ಮನೆಯಿಂದ ಎರಡು ಚಪಾತಿಗೆ ಚಟ್ನಿಪುಡಿ, ತುಪ್ಪ ಸವರಿ ಸುತ್ತಿ ಜೇಬಿನಲ್ಲಿಟ್ಟುಕೊಳ್ಳಿ. ಆಲ್ಪಿಸೆಲ್ಲಾ ನೆತ್ತಿಯಲ್ಲಿ ನಾನು ತಿನ್ನೋದು ಅದನ್ನೇ.